ತಿರುವಿಗೊಂದು ದೀಪ

ಇಂಗ್ಲೆಂಡಿನ ಹಳ್ಳಿಯಲ್ಲಿ ಮನೆ ಕೊಳ್ಳಬೇಕೆಂದಿರುವವರು ಮೊದಲು ಅಲ್ಲಿನ ಪ್ಯಾರಿಷ್ ಕೌನ್ಸಿಲ್ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬನ್ನಿ. ಬಾಯ್ಲರು, ಛಾವಣಿ ಎಲ್ಲ ಆಮೇಲೆ. ನಾನು ಬಾಯ್ಲರು ನೋಡಿದೆ, ಬೆಲೆ ಇಳಿಸಿದೆ, ಗೆದ್ದೆನೆಂದು ಬೀಗಿದೆ.

ಮ್ಯಾಕಲ್ಸ್‌ಫೀಲ್ಡ್‌ನಿಂದಾಚೆ, ಕುರಿ ಮೇಯುವ ಹೊಲಗಳ ನಡುವಿನ ಊರು ಅದು. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಡಾಕ್ಟರು. ನಾನು ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ಮಡಚುತ್ತ ವ್ಯಾಪಾರ ಕಲಿತವನು. ಲೆಸ್ಟರ್‌ನಿಂದ ಪರದೆ ಬಟ್ಟೆ ತಂದು ಸುತ್ತಲಿನ ಸಂತೆಗಳಲ್ಲಿ ಮಾರುತ್ತಿದ್ದೆ. ವ್ಯಾನು ನನಗೆ ಬೇಕು. ಅವಳಿಗೆ ಇಲ್ಲಿನ ಡ್ರೈವಿಂಗ್ ಟೆಸ್ಟ್ ಇನ್ನೂ ಆಗಿರಲಿಲ್ಲ, ಬಸ್ಸೇ ಗತಿ. ಬಸ್ಸಿಳಿದು ಮನೆಗೆ ಬರುವ ದಾರಿಗೆ ಫುಟ್‌ಪಾತ್ ಇಲ್ಲ. ಎರಡೂ ಕಡೆ ಎತ್ತರದ ಗಿಡಬೇಲಿ, ಅದರ ಬುಡದಲ್ಲಿ ಚರಂಡಿ, ನಡುವೆ ಎದುರಿನದೇನೂ ಕಾಣದ ಒಂದು ತಿರುವು. ಚಳಿಗಾಲದಲ್ಲಿ ನಾಲ್ಕೂವರೆಗೆಲ್ಲ ಕತ್ತಲು.

ನವೆಂಬರಿನ ಒಂದು ಸಂಜೆ ಅವಳು ಬಂದವಳೇ ಕೋಟನ್ನೂ ತೆಗೆಯದೆ ಕುರ್ಚಿಗೆ ಕುಸಿದಳು.

“ಕಾರಿನ ಕನ್ನಡಿ ತೋಳು ಸವರಿಕೊಂಡೇ ಹೋಯ್ತು ರೀ. ಅವನಿಗೆ ನಾನು ಕಂಡೇ ಇಲ್ಲ. ಆ ತಿರುವಲ್ಲಿ ಒಂದು ದೀಪ ಇದ್ದಿದ್ರೆ ಸಾಕಿತ್ತು.”

“ಕೌನ್ಸಿಲ್‌ನಲ್ಲಿ ಕೇಳೋಣ. ಇಡೀ ದಾರಿಗೆ ದೀಪ ಹಾಕಿ ಅಂತೀನಿ.”

“ಬೇಕಾಗಿರೋದು ಒಂದೇ ಅಲ್ವಾ?”

“ಒಂದು ಬೇಕು ಅಂತ ಒಂದೇ ಕೇಳಿದ್ರೆ ಯಾರು ಕೊಡ್ತಾರೆ? ಅವರು ಆಗಲ್ಲ ಅಂತಾರೆ, ನಾನು ಮುಖ ಸಣ್ಣ ಮಾಡ್ತೀನಿ. ಎಳೆದಾಡಿ ಎಳೆದಾಡಿ ತಿರುವಿಗೆ ಬಂದು ನಿಲ್ಲುತ್ತೆ.”

“ಇವರ ಹತ್ರ ಚೌಕಾಸಿ ನಡೆಯುತ್ತಾ?”

“ಚೌಕಾಸಿ ನಡೆಯದ ಊರು ಇನ್ನೂ ಹುಟ್ಟಿಲ್ಲ ಕಣೇ.”

ಪ್ಯಾರಿಷ್ ಕೌನ್ಸಿಲ್ ಅಂದರೆ ನಮ್ಮ ಗ್ರಾಮ ಪಂಚಾಯಿತಿ ಇದ್ದ ಹಾಗೆ. ಆ ಊರಲ್ಲಿ ಬೀದಿದೀಪ, ಬೆಂಚು, ಮಕ್ಕಳ ಉಯ್ಯಾಲೆ ಎಲ್ಲ ಅವರ ಕೈಯಲ್ಲಿ. ನಾವು ಕಟ್ಟುವ ಕೌನ್ಸಿಲ್ ಟ್ಯಾಕ್ಸ್‌ನಲ್ಲಿ ಅವರಿಗೂ ಪಾಲುಂಟು. ಸಭೆಯ ಆರಂಭದಲ್ಲಿ ಊರವರು ಎದ್ದು ಕೆಲವು ನಿಮಿಷ ಮಾತಾಡಬಹುದು. ಆಮೇಲೆ ಬಾಯಿ ಬಿಡುವಂತಿಲ್ಲ. ಆ ‘ಆಮೇಲೆ’ಯ ಅರ್ಥ ನನಗೆ ಆಗ ಹೊಳೆದಿರಲಿಲ್ಲ.

ಎದ್ದು ನಿಂತು ಇಡೀ ದಾರಿಗೆ ದೀಪ ಕೇಳಿ, ಎದುರು ಬೆಲೆಗಾಗಿ ಕಾದೆ. ಬರಲಿಲ್ಲ. ನಿವೃತ್ತ ರೈತರಾದ ಅಧ್ಯಕ್ಷರು ಧನ್ಯವಾದ ಹೇಳಿ ಕೂರಿಸಿದರು. ಆಮೇಲೆ ನಾನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಚರ್ಚೆ ನಡೆಯಿತು. ಕೆಂಪು ಮಫ್ಲರಿನ ಸದಸ್ಯೆಯೊಬ್ಬರಿಗೆ ಗೂಬೆಗಳ ಚಿಂತೆ. ಅಷ್ಟು ದೀಪಗಳಾದರೆ ಪಾಪ, ಅವು ಬೇಟೆಯಾಡುವುದು ಹೇಗೆ? ಇನ್ನೊಬ್ಬರಿಗೆ ನಕ್ಷತ್ರಗಳು ಮಂಕಾಗುವ ಭಯ. ಆ ದಾರಿಯಲ್ಲಿ ಮನುಷ್ಯರೂ ನಡೆಯುತ್ತಾರೆಂದು ಒಬ್ಬರ ಬಾಯಿಂದಲೂ ಬರಲಿಲ್ಲ.

“ಇಡೀ ದಾರಿಗೆ ದೀಪ. ಒಪ್ಪುವವರು?” ಎಂದರು ಅಧ್ಯಕ್ಷರು. ಒಂದು ಕೈಯೂ ಏಳಲಿಲ್ಲ.

ನಾನು ಧಡಕ್ಕನೆ ಎದ್ದೆ. “ಒಂದಾದರೂ ಹಾಕಿ, ತಿರುವಿನಲ್ಲಿ!”

“ಕ್ಷಮಿಸಿ, ಸಾರ್ವಜನಿಕರ ಸಮಯ ಮುಗಿದಿದೆ,” ಎಂದರು ಅಧ್ಯಕ್ಷರು, ಬಹಳ ಮೃದುವಾಗಿ. ಆ ಮೃದುತನಕ್ಕೇ ಮೈ ಉರಿಯಿತು. ಮುಂದಿನ ವಿಷಯ ಹೂಕುಂಡಗಳದ್ದು. ಬೇಸಿಗೆಗೆ ಯಾವ ಬಣ್ಣದ ಹೂವು ಎಂಬುದಕ್ಕೆ ದೀಪಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಬಾಗಿಲ ಬಳಿ ಕ್ಲರ್ಕ್, ಅಂದರೆ ಕೌನ್ಸಿಲ್‌ನ ಕಾರ್ಯದರ್ಶಿ ಹೆಂಗಸು, ತಡೆದು ತಿಳಿಸಿದರು: ತಿರಸ್ಕೃತವಾದ ವಿಷಯ ಇನ್ನು ಆರು ತಿಂಗಳು ಸಭೆಗೆ ಬರುವಂತಿಲ್ಲ. ಅಂದರೆ ಮೇ ತಿಂಗಳು. ಆಗ ಸೂರ್ಯ ಒಂಬತ್ತರವರೆಗೆ ಮುಳುಗುವುದಿಲ್ಲ!

ಹೆಂಡತಿ ಎಲ್ಲ ಕೇಳಿಸಿಕೊಂಡು, “ನಿಮ್ಮ ಚೌಕಾಸಿಗೆ ನನ್ನ ಕೈಕಾಲು ಅಡ ಇಟ್ಟು ಬಂದ್ರಾ?” ಎಂದಳು.

ಜನವರಿಯಲ್ಲಿ ಅದೇ ತಿರುವಿನಲ್ಲಿ ಡೆಲಿವರಿ ವ್ಯಾನೊಂದು ನುಗ್ಗಿ ಬಂತು. ಅವಳು ಚರಂಡಿಗೆ ಹಾರಿ ಪಾದದ ಮೂಳೆ ಮುರಿದುಕೊಂಡಳು. ಅವಳ ಆಸ್ಪತ್ರೆಯಲ್ಲೇ ಪ್ಲಾಸ್ಟರ್ ಹಾಕಿದರು. ಮರುದಿನ ನಾನು ಕ್ಲರ್ಕ್ ಮನೆಯ ಗಂಟೆ ಒತ್ತಿದೆ.

“ಅಯ್ಯೋ,” ಎಂದರು ಆಕೆ. “ಮೂವರು ಸದಸ್ಯರು ಸಹಿ ಹಾಕಿ ಕೇಳಿದರೆ ಆರು ತಿಂಗಳು ಕಾಯಬೇಕಾಗಿಲ್ಲ.”

“ಅವತ್ತೇ ಯಾಕೆ ಹೇಳಲಿಲ್ಲ?”

“ನೀವು ಕೇಳಲಿಲ್ಲವಲ್ಲ.”

ಇಷ್ಟು ವರ್ಷವಾದರೂ ಆ ಮಾತು ನೆನೆದರೆ ನನ್ನ ರಕ್ತ ಕುದಿಯುತ್ತದೆ. ಅಂಗಡಿಯಲ್ಲಿ ಗಿರಾಕಿ ಬಾಗಿಲು ದಾಟುವ ಮುನ್ನ, ‘ಅಣ್ಣಾ, ಒಳಗೆ ಬೇರೆ ಮಾಲಿದೆ’ ಅಂತ ಕೂಗಿ ಕರೆಯುವುದನ್ನು ಮೊದಲ ದಿನವೇ ಕಲಿತವನು ನಾನು. ಇಲ್ಲಿ ಬಾಗಿಲು ಮುಚ್ಚಿದ್ದನ್ನು ತಿಳಿಸುತ್ತಾರೆ. ಪಕ್ಕದ ಬಾಗಿಲು ತೆರೆದಿದೆ ಎನ್ನುವುದಿಲ್ಲ. ಆದ್ದರಿಂದ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ: ಈ ದೇಶದ ಯಾವ ಕಚೇರಿಯಲ್ಲೇ ಆಗಲಿ, ಆಗುವುದಿಲ್ಲ ಎಂದರೆ ಏಳಬೇಡಿ. ಬೇರೆ ದಾರಿ ಉಂಟೇ ಎಂದು ಕೇಳಿ, ಉತ್ತರ ಬರುವವರೆಗೂ ಕೂತಿರಿ.

ಸಹಿಗಾಗಿ ಮನೆಮನೆ ಅಲೆದೆ. ಇಬ್ಬರು ಸಹಿ ಹಾಕಿದರು. ಮೂರನೆಯವರು ಕೆಂಪು ಮಫ್ಲರಿನವರೇ. ಅಡುಗೆಮನೆಯಲ್ಲಿ ಕೂರಿಸಿ ಟೀ ಕೊಟ್ಟರು, ತಕ್ಷಣ ಸಹಿಯನ್ನೂ ಹಾಕಿದರು.

“ಒಂದು ದೀಪ ಅಂದಿದ್ದರೆ ಅವತ್ತೇ ಕೈ ಎತ್ತುತ್ತಿದ್ದೆನಲ್ಲ!”

“ಹಾಗಾದರೆ ಒಂದು ಸಾಕೇ ಅಂತ ನೀವೇ ಕೇಳಬಹುದಿತ್ತು.”

ಆಕೆಗೆ ನಿಜವಾಗಿಯೂ ಅಚ್ಚರಿಯಾಯಿತು. “ನಿಮಗೆ ಬೇಕಾದದ್ದು ನಿಮಗೇ ಗೊತ್ತಿರುತ್ತದೆ. ಅದನ್ನು ನಾವು ತಿದ್ದುವುದು ಮರ್ಯಾದೆಯೇ?”

ಮರ್ಯಾದೆ! ಅವರ ಮರ್ಯಾದೆಗೆ ನನ್ನ ಹೆಂಡತಿಯ ಮೂಳೆ ಬಲಿ. ಕೇಳಿದ್ದೇ ಕೊನೆಯ ಬೆಲೆ ಎಂದು ನಂಬುವ ಜನಕ್ಕೆ ಏನು ಹೇಳುವುದು? ಟೀ ಅರ್ಧಕ್ಕೇ ಬಿಟ್ಟು ಬಂದೆ.

ಫೆಬ್ರವರಿಯ ಸಭೆಗೆ ಹೆಂಡತಿ ಊರುಗೋಲು ಹಿಡಿದು ಬಂದಳು. ನಾನು ಬಾಯಿ ತೆರೆಯಕೂಡದೆಂದು ಮನೆಯಲ್ಲೇ ಕಟ್ಟಪ್ಪಣೆಯಾಗಿತ್ತು. ಅವಳು ಎದ್ದು, “ತಿರುವಿನಲ್ಲಿ ಒಂದು ದೀಪ ಬೇಕು. ಕೆಳಕ್ಕೆ ಬೆಳಕು ಬೀಳುವಂಥದ್ದು,” ಎಂದು ಕೂತಳು. ಎಲ್ಲ ಕೈಗಳೂ ಎದ್ದವು. ಇಷ್ಟು ಸುಲಭವಿತ್ತೆಂದು ತಿಳಿದು ನನ್ನ ಸಿಟ್ಟು ಇಮ್ಮಡಿಯಾಯಿತು.

ಸಭೆ ಮುಗಿದ ಮೇಲೆ ಅಧ್ಯಕ್ಷರು ನಗುತ್ತ ನನ್ನ ಕೈ ಕುಲುಕಿದರು. “ನೋಡಿದಿರಾ, ನಮ್ಮ ವ್ಯವಸ್ಥೆ ಕೆಲಸ ಮಾಡುತ್ತದೆ.”

ನಾನು ಪ್ಲಾಸ್ಟರಿನ ಕಡೆ ಕೈ ತೋರಿಸುವಷ್ಟರಲ್ಲಿ ಹೆಂಡತಿ ಊರುಗೋಲಿನಿಂದ ನನ್ನ ಬೂಟು ಒತ್ತಿದಳು.

ವ್ಯಾನಿನಲ್ಲಿ ಕೂತು ಬಾಗಿಲು ಹಾಕಿಕೊಂಡ ಮೇಲೆ ನಾನು ಕೂಗಾಡಿದೆ. ಗೂಬೆ, ಹೂಕುಂಡ, ಮರ್ಯಾದೆ, ಯಾವುದನ್ನೂ ಬಿಡಲಿಲ್ಲ. ಅವಳು ಸೀಟ್ ಬೆಲ್ಟ್ ಹಾಕಿಕೊಂಡು ನಾನು ಉಸಿರು ತೆಗೆದುಕೊಳ್ಳುವವರೆಗೆ ಕಾದಳು.

“ಬಸ್ ಸ್ಟಾಪಿಗೆ ಒಂದು ಬೆಂಚೂ ಬೇಕು ರೀ. ಮುಂದಿನ ತಿಂಗಳು ನಾನೇ ಕೇಳ್ತೀನಿ. ನೀವು ಮನೇಲಿರಿ.”