ವೀರಗಲ್ಲಿನ ವಾರಸುದಾರರು

ನಿವೃತ್ತ ಪೋಸ್ಟ್‌ಮ್ಯಾನ್ ನಮ್ಮೂರಿನ ಚರಿತ್ರೆ ಬರೆಯಲು ಹೊರಟಿದ್ದರು. ಹಳೇ ಕಲ್ಲು ಕಂಡರೆ ಬಾಗಿಲು ಬಡಿಯುವಂತೆ ಬಡಿದು, "ಯಾರ ಮನೇದಪ್ಪ?" ಎನ್ನುತ್ತಿದ್ದರು. ಕೆರೆ ಏರಿಯ ವೀರಗಲ್ಲಿನಲ್ಲಿ ಹುಲಿಯೊಡನೆ ಕಾದಾಡುವ ಒಬ್ಬ ಗಂಡಸಿದ್ದ, ಹೆಸರಿರಲಿಲ್ಲ. ಆ ಕಲ್ಲಿಗೆ ಎಮ್ಮೆ ಕಟ್ಟುತ್ತಿದ್ದವರೆಲ್ಲ, ಅದು ಪುಸ್ತಕಕ್ಕೆ ಬರುತ್ತದೆಂದು ತಿಳಿದದ್ದೇ ಆ ವೀರನ ವಂಶಸ್ಥರಾದರು.

"ಹುಲಿ ತಿಂದಿದ್ದು ನಮ್ಮ ಮುತ್ತಾತನ್ನ!"

"ಹೋಗ್ಲಾ, ನಿಮ್ಮ ಮುತ್ತಾತ ಕೋಳಿಗೂ ಹೆದರ್ತಿದ್ದ!"

ನಿಶ್ಚಯವಾಗಿದ್ದ ಒಂದು ಮದುವೆಯೂ ಈ ಜಗಳದಿಂದ ಮುರಿಯುವಂತಾಯಿತು. ಕೊನೆಗೆ ಪೋಸ್ಟ್‌ಮ್ಯಾನ್, ಆ ವೀರ ಎಲ್ಲ ಮನೆಗಳಿಗೂ ಮುತ್ತಾತನೆಂದು ಬರೆದು ಜಗಳ ನಿಲ್ಲಿಸಿದರು.

"ನಿಮ್ಮ ಮನೆಗೆ ಸಾರ್?" ಎಂದೆ.

"ವೀರ ಖಾಲಿಯಾಗ್ಬಿಟ್ಟ ಕಣಪ್ಪ. ಹುಲಿ ನಮ್ಮನೇದು ಅಂತ ಬರ್ಕೊಂಡೆ."

ಈಗ ಅವರಿಲ್ಲ. ಮಹಾಲಯ ಅಮಾವಾಸ್ಯೆಯಂದು ಊರೆಲ್ಲ ವೀರನಿಗೆ ಹಾರ ಹಾಕಿದರೆ, ಅವರ ಸೊಸೆ ಮಾತ್ರ ಹುಲಿಯ ಬಾಯಿಗೆ ಮುದ್ದೆ, ಸಾರು ಮುಟ್ಟಿಸಿ, ಕೈಮುಗಿದು ಬರುತ್ತಾಳೆ.