ಗೌರಿಯ ಮೈ ಒಣಗಿಸಿದ ಸಂಜೆ

ಮೈಮೇಲೆ ಬರುವುದು ಎಂದರೆ ನನಗೆ ಮೊದಲಿನಿಂದಲೂ ನಗು. ನಮ್ಮ ಕೇರಿಯಲ್ಲಿ ಯಾರಿಗಾದರೂ ದೇವರು ಬಂತೆಂದರೆ, ಕೆಲಸ ತಪ್ಪಿಸಿಕೊಳ್ಳಲು ಒಳ್ಳೆಯ ಉಪಾಯ ಎಂದು ಹೇಳಿ ಹಿರಿಯರಿಂದ ಬೈಸಿಕೊಂಡವಳು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಐವತ್ತರ ದಶಕದಲ್ಲಿ, ಹುಂಚದ ಹತ್ತಿರದ ಹಳ್ಳಿಯೊಂದರಲ್ಲಿ ಟೀಚರ್ ಆಗಿದ್ದಾಗ ನಡೆದದ್ದನ್ನು ಏನೆಂದು ಕರೆಯಬೇಕೋ ನೀವೇ ಹೇಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಕುದುರೆ ಎಂದರೆ ಜೀವಭಯ. ನಮ್ಮ ವಂಶದಲ್ಲಿ ಕುದುರೆ ಸಾಕಿದವರಿರಲಿ, ಮದುವೆಯ ದಿನ ಹತ್ತಿ ಕೂತವರೂ ಇಲ್ಲ.

ಅಂದು ಹೊಸನಗರದಿಂದ ಹಿಂದಿರುಗುವಾಗ ಬಸ್ಸು ಕೈಕೊಟ್ಟಿತು. ವಿಧಿಯಿಲ್ಲದೆ ತಿಮ್ಮಪ್ಪನ ಜಟಕಾ ಹತ್ತಿದೆ. ಅವನು ಮೂಲತಃ ಎತ್ತಿನ ಗಾಡಿಯವನು. ಇದ್ದ ಜೋಡಿ ಎತ್ತು ಮಾರಿ, ಸಾಗರದಲ್ಲಿ ಒಂದು ಹೆಣ್ಣು ಕುದುರೆ ಕೊಂಡು ತಿಂಗಳಾಗಿತ್ತಷ್ಟೆ. ಅದಕ್ಕೂ ಹಸುವಿನ ಹೆಸರೇ ಇಟ್ಟಿದ್ದ, ಗೌರಿ ಅಂತ.

ಮಾಗಿಯ ಚಳಿ, ಅದರ ಮೇಲೆ ಅಕಾಲದ ಮಳೆ. ರಸ್ತೆ ಪಕ್ಕದ ಕಣದ ಚಪ್ಪರ ಸೇರುವಷ್ಟರಲ್ಲಿ ಗೌರಿ ತೊಯ್ದು ತೊಪ್ಪೆಯಾಗಿ ಗಡಗಡ ನಡುಗುತ್ತಿತ್ತು. ತಿಮ್ಮಪ್ಪ ಎತ್ತಿಗೆ ಮಾಡುವುದನ್ನೇ ಮಾಡಿದ. ಒದ್ದೆ ಮೈಮೇಲೆ ತನ್ನ ಕಂಬಳಿ ಹೊದಿಸಿ ಬಿಗಿದು ಕಟ್ಟಿದ. ಸ್ವಲ್ಪ ಹೊತ್ತಿಗೆ ಕಂಬಳಿಯೂ ನೀರು ಕುಡಿದು ಭಾರವಾಯಿತು. ಕುದುರೆಯ ಮುಂಗಾಲು ಮಡಚಿಕೊಳ್ಳತೊಡಗಿತು.

"ಅಮ್ಮಾ, ಇದು ಬಿದ್ರೆ ನಾನೂ ಬಿದ್ದಂಗೇ. ಎತ್ತೂ ಇಲ್ಲ ಈಗ" ಎಂದ. ಅವನ ಕಣ್ಣಲ್ಲಿ ನೀರಿತ್ತು.

ನಾನು ಎದ್ದುಹೋಗಿ ಕಂಬಳಿ ಕಿತ್ತೆಸೆದೆ. "ಒದ್ದೆ ಮೈಗೆ ಹೊದಿಸ್ತಾರೇನೋ ದಡ್ಡ" ಎಂದು ಬೈದೆ. ಬೈದದ್ದು ನನ್ನ ಬಾಯೇ. ಆದರೆ ಹೊದಿಸಬಾರದು ಎಂಬುದು ಆ ಗಳಿಗೆಯವರೆಗೆ ನನಗೇ ಗೊತ್ತಿರಲಿಲ್ಲ. ಕಣದಲ್ಲಿದ್ದ ಒಣಹುಲ್ಲು ಹಿರಿದು, ಹುರಿಮಾಡಿ, ಗೊರಸಿನಿಂದ ಮೇಲಕ್ಕೆ ಕಾಲು ಉಜ್ಜಿದೆ. ಕಿವಿಗಳನ್ನು ಬುಡದಿಂದ ತುದಿಯವರೆಗೆ ಅಂಗೈಯಲ್ಲಿ ಎಳೆದೆಳೆದು ಬಿಸಿ ಮಾಡಿದೆ. ಬೆನ್ನ ಮೇಲೆ ದಪ್ಪಗೆ ಹುಲ್ಲು ಹರವಿ, ಗಾಳಿಯಾಡುವಂತೆ ಅದರ ಮೇಲೆ ಜಟಕಾದ ಜಮಖಾನ ಹಾಸಿ ಸಡಿಲವಾಗಿ ಕಟ್ಟಿದೆ. ಮುಂದೇನು ಎಂದು ಒಮ್ಮೆಯೂ ಯೋಚಿಸಲಿಲ್ಲ. ಅನ್ನ ಕಲಸುವಾಗ ಯಾರು ಯೋಚಿಸುತ್ತಾರೆ, ಹಾಗೆ. ತಿಮ್ಮಪ್ಪ ಬಿಟ್ಟ ಕಣ್ಣು ಮುಚ್ಚದೆ ನೋಡುತ್ತಿದ್ದ.

ಕತ್ತಲಾಗುವ ಮೊದಲೇ ನಡುಕ ನಿಂತಿತು. ಹುಲ್ಲಿನಡಿ ಕೈಯಿಟ್ಟರೆ ಮೈ ಬೆಚ್ಚಗಿತ್ತು. ಗೌರಿ ನನ್ನ ಹೆಗಲಿಗೆ ಮೂತಿ ತಾಗಿಸಿತು. ನಾನು ಕಿಟಾರನೆ ಕಿರುಚಿ ಹಿಂದಕ್ಕೆ ಹಾರಿದೆ.

ತಿಮ್ಮಪ್ಪ ಇದನ್ನು ಊರೆಲ್ಲ ಸಾರಿದ. ಹಿಂದೆ ಕುದುರೆ ಪಡೆಯಲ್ಲಿದ್ದ ತೀರ್ಥಹಳ್ಳಿಯ ಮುದುಕರೊಬ್ಬರು ಕೇಳಿಕೊಂಡು ಬಂದರು. "ಹೊದಿಕೆ ಅಡೀಲಿ ಹುಲ್ಲು ಹಾಕದು ನಮ್ ಲಾಯದ ಪದ್ಧತಿ. ನಿಮ್ಮನೇಲಿ ಯಾರಿದ್ರು ಪಡೇಲಿ?" ಎಂದರು. ಯಾರೂ ಇರಲಿಲ್ಲ. ಅಜ್ಜಿಯನ್ನೂ ಕೆದಕಿ ಕೇಳಿದೆ. ಎಲ್ಲೋ ಓದಿರಬೇಕು ಎನ್ನುತ್ತೀರಿ. ನಾನೂ ಹಾಗೆಂದೇ ಸಮಾಧಾನ ಮಾಡಿಕೊಂಡೆ, ಮರುವರ್ಷದ ಮಾಗಿಯವರೆಗೆ.

ಆ ಸಲವೂ ಮಳೆ ಹಿಡಿಯಿತು. ತಿಮ್ಮಪ್ಪ ನಡುಗುವ ಗೌರಿಯನ್ನು ಶಾಲೆಯ ಬಾಗಿಲಿಗೇ ತಂದು ನಿಲ್ಲಿಸಿದ. "ನೀವೇ ಕೈ ಹಾಕ್ಬೇಕು ಅಮ್ಮ" ಎಂದು ಹುಲ್ಲು ಕೊಟ್ಟ. ಧೈರ್ಯ ಮಾಡಿ ಕೂತೆ. ಹುಲ್ಲು ಹುರಿಯಾಗದೆ ಉದುರಿತು. ಮೇಲಿಂದ ಉಜ್ಜಬೇಕೋ ಕೆಳಗಿಂದಲೋ ತಿಳಿಯಲಿಲ್ಲ. ಇವನ ಬದುಕು ನನ್ನ ಕೈಯಲ್ಲಿ ಹೋಗುತ್ತದಲ್ಲಾ ಎಂದು ಅಳು ಬಂತು.

ಅವನು ಸ್ವಲ್ಪ ಹೊತ್ತು ನೋಡಿ, ನನ್ನ ಕೈಯಿಂದ ಹುಲ್ಲು ತೆಗೆದುಕೊಂಡ. "ಬಿಡಿ ಅಮ್ಮ, ಅವತ್ತು ಮಾಡಿದ್ದೆಲ್ಲ ನೋಡ್ಕಂಡಿದೀನಿ" ಎಂದು ತಾನೇ ಚಕಚಕನೆ ಉಜ್ಜತೊಡಗಿದ. ಗೌರಿ ಉಳಿಯಿತು. ಮೇಲೆ ನಿಮಗೆ ಹೇಳಿದ ಉಜ್ಜುವ ಕ್ರಮವೂ ನನಗೆ ನೆನಪಿದ್ದದ್ದಲ್ಲ, ಈ ಎರಡನೇ ಸಲ ಅವನು ಹೇಳಿಕೊಟ್ಟದ್ದೇ.

"ಕಿವಿ ಆದ್ಮೇಲೆ ಏನೋ?" ಎಂದು ನಾನು ನಡುವೆ ಕೇಳಿದೆ. ಅವನು ಉಜ್ಜುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

"ನಂಗೆ ನೀವು ಕಲ್ಸಿದ್ರಿ. ನಿಮಗ್ಯಾರು ಕಲ್ಸಿದ್ದು ಅಮ್ಮ?"