ಮಾಬು ಮಾಸ್ತರ ಕುರ್ಚಿ

ಮಾಬು ಮಾಸ್ತರು ತರಗತಿಯಲ್ಲಿ ಕೂತದ್ದನ್ನು ನಾವ್ಯಾರೂ ನೋಡಿರಲಿಲ್ಲ. ಕುರ್ಚಿ ಇರಲಿಲ್ಲವೆಂದಲ್ಲ. ತೋಳಿರುವ, ಬೆತ್ತದ ಹೆಣಿಗೆಯ ಒಳ್ಳೆಯ ಕುರ್ಚಿಯೇ ಇತ್ತು. ಆದರೆ ಅದು ಓದುವವರದು. ನಮ್ಮಲ್ಲಿ ಯಾರ ಸರದಿಯೋ ಅವರು ಹೋಗಿ ಅದರಲ್ಲಿ ಕೂತು, ತಾವು ಬರೆದ ಪದ್ಯದ ವಿಮರ್ಶೆಯನ್ನು ಗಟ್ಟಿಯಾಗಿ ಓದಬೇಕು. ಮಾಸ್ತರು ಕಿಟಕಿಗೆ ಬೆನ್ನು ಕೊಟ್ಟು ನಿಂತು ಕೇಳುತ್ತಿದ್ದರು. "ಕುಂತು ಕೇಳಿದ್ರ ನಿದ್ದಿ ಬರ್ತೈತಿ. ನಿಂತು ಕೇಳಿದ್ರ ನೀವು ಸುಳ್ಳು ಬರೆದದ್ದು ಮೊದ್ಲು ಕಾಲಿಗೆ ಗೊತ್ತಾಗ್ತೈತಿ" ಎನ್ನುತ್ತಿದ್ದರು. ನಮ್ಮ ಬರಹ ನೆಟ್ಟಗಿಲ್ಲದ ದಿನ ಅವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಲೇ ಇರುತ್ತಿದ್ದರು. ನಮಗೆ ಅದೇ ಮಾರ್ಕು.

ಪೂರ್ತಿ ಹೆಸರು ಮಹಬೂಬಸಾಬ್. ಹರಪನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಕೊಟ್ಟೂರಿಗೆ, ನಮ್ಮ ಹೈಸ್ಕೂಲಿಗೆ ಬರುತ್ತಿದ್ದರು. ಅವರಪ್ಪ ಊರೂರು ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಮಗನಿಗೆ ಹಳಗನ್ನಡದ ಹುಚ್ಚು ಎಲ್ಲಿಂದ ಹತ್ತಿತೋ, ಕೇಳಿದರೆ ನಕ್ಕುಬಿಡುತ್ತಿದ್ದರು. ಬಸ್ಸಿನಲ್ಲೂ ಸೀಟು ಸಿಗುತ್ತಿದ್ದುದು ಅಪರೂಪವೆಂದು ಆಮೇಲೆ ತಿಳಿಯಿತು.

ಹತ್ತನೆಯ ತರಗತಿಯಲ್ಲಿ ನಮಗೊಂದು ಹಳೆಯ ಕಾವ್ಯದ ತುಣುಕಿತ್ತು. ಬಹಳ ದೂರ ನಡೆದುಬಂದ ಹೆಂಗಸೊಬ್ಬಳು ಕೆರೆಯ ಏರಿಯ ಮೇಲೆ ಕೂರುತ್ತಾಳೆ. ಕಥೆ ಅಷ್ಟೇ. ಬೇರೆಯವರು ಎರಡು ಪಿರಿಯಡ್ಡಿನಲ್ಲಿ ಮುಗಿಸುತ್ತಿದ್ದ ಆ ಪದ್ಯವನ್ನು ಮಾಬು ಮಾಸ್ತರು ಜಗ್ಗಿ ಜಗ್ಗಿ ದಸರಾ ರಜೆಗೆ ಮುಟ್ಟಿಸುತ್ತಿದ್ದರು. ಒಂದೊಂದು ಶಬ್ದಕ್ಕೂ ಒಂದೊಂದು ದಿನ. ಪುಸ್ತಕದ ಕೊನೆಯಲ್ಲಿ ಅಚ್ಚಾದ ಪದಗಳ ಅರ್ಥ ಅವರಿಗೆ ಲೆಕ್ಕಕ್ಕೇ ಇಲ್ಲ.

"ಬಳಲಿ ಅಂದ್ರೇನ್ರಲೇ?"

"ಸುಸ್ತಾಗಿ, ಸರ್."

"ಸುಸ್ತು ಸಾಕಾಗಂಗಿಲ್ಲ. ಕೇಳ್ರಿ. ದಣಿವು ಅಂದ್ರ ಅರೆಗಳಿಗಿ ಕುಂತ್ರ ಹೋಗ್ತೈತಿ. ಬಳಲಿಕಿ ಅಂದ್ರ ಉಂಡು ಮಲಗಿದ್ರ ಹೋಗ್ತೈತಿ. ಬ್ಯಾಸರಿಕಿ ಐತಲ್ಲ, ಅದು ಉಂಡ್ರೂ ಹೋಗಂಗಿಲ್ಲ, ಮಲಗಿದ್ರೂ ಹೋಗಂಗಿಲ್ಲ. ಯಾರರ ಬಂದು ಮಾತಾಡಿಸ್ಬೇಕು. ಈಗ ಹೇಳ್ರಿ, ಏರಿ ಮ್ಯಾಲೆ ಕುಂತಾಕಿಗೆ ಯಾವ್ದು ಆಗೈತಿ?"

ಹೀಗೆ ಕೇಳಿದರೆ ಯಾವ ಗೈಡು ತಾನೇ ಕೈಹಿಡಿದೀತು?

ವಿಮರ್ಶೆಗೆ ಅವರದು ಎರಡೇ ಕಟ್ಟಳೆ. 'ಮನೋಜ್ಞವಾಗಿ ವರ್ಣಿಸಿದ್ದಾರೆ' ಎಂದು ಬರೆಯಕೂಡದು. "ಅದು ಗೈಡಿನ ಮಾತು. ಅದು ಗೈಡಿಗೇ ಇರ್ಲಿ." ಇನ್ನೊಂದು ಕಟ್ಟಳೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಬರೆದದ್ದನ್ನು ಪದ್ಯ ಗೊತ್ತಿಲ್ಲದ ಮನೆಮಂದಿಗೆ ಓದಿ ಹೇಳಬೇಕು. ಅವರು ಕೇಳುವ ಮೊದಲ ಪ್ರಶ್ನೆಯನ್ನು, ಏನೇ ಇರಲಿ, ವಿಮರ್ಶೆಯ ಕೊನೆಯ ಸಾಲಾಗಿ ಬರೆಯಬೇಕು. ಅದಕ್ಕೆ ಉತ್ತರ ಬರೆಯುವ ಹಾಗಿಲ್ಲ.

ನಮ್ಮ ತರಗತಿಯ ಕೊಟ್ರೇಶಿಯ ಅಪ್ಪ ಟಂಟಂ ಆಟೊ ಓಡಿಸುತ್ತಿದ್ದ. ಮಗ ಓದಿದ್ದನ್ನೆಲ್ಲ ಕೇಳಿ, "ಇದಕ್ಕ ಎಷ್ಟು ಮಾರ್ಕ್ಸು?" ಎಂದು ಕೇಳಿದನಂತೆ. ಕೊಟ್ರೇಶಿ ಪಾಪ, ಕಟ್ಟಳೆ ಮೀರದೆ ಅದನ್ನೇ ಕೊನೆಯ ಸಾಲಾಗಿ ಬರೆದು, ಕುರ್ಚಿಯಲ್ಲಿ ಕೂತು ಗಂಭೀರವಾಗಿ ಓದಿದ. ಮಾಸ್ತರು ಕಿಟಕಿಯ ಸರಳು ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಿಮ್ಮಪ್ಪ ಕೇಳಿದ್ದೂ ಪ್ರಶ್ನೀನ. ಇರ್ಲಿ ಬಿಡು" ಎಂದರು.

ನನ್ನ ಅವ್ವ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಅವಳು ರೊಟ್ಟಿ ಬಡಿಯುವಾಗ ನಾನು ಒಲೆಯ ಮುಂದೆ ಕೂತು ಓದಿದೆ. ಕೇಳುತ್ತಿದ್ದಾಳೋ ಇಲ್ಲವೋ ಎಂದು ಅನುಮಾನವಿತ್ತು. ಕೊನೆಯ ರೊಟ್ಟಿ ಹಂಚಿಗೆ ಹಾಕಿ, "ಆಕಿಗೆ ಯಾರೂ ನೀರು ಕೊಡ್ಲಿಲ್ಲೇನು?" ಎಂದಳು. ಇಂಥ ಪ್ರಶ್ನೆಯನ್ನು ಎಲ್ಲರ ಮುಂದೆ ಹೇಗೆ ಓದುವುದೆಂದು ನನಗೆ ನಾಚಿಕೆಯಾಯಿತು. ಓದಿದಾಗ ಎಲ್ಲರೂ ನಕ್ಕರು ಕೂಡ.

ಮಾಸ್ತರು ನಗಲಿಲ್ಲ. "ಪದ್ಯ ತೆಗೀರಿ. ನೀರು ಎಲ್ಲೆಲ್ಲಿ ಐತಿ ಹುಡುಕ್ರಿ" ಎಂದರು. ಹುಡುಕಿದೆವು. ಕೆರೆ ತುಂಬಿದೆ, ಅಲೆ ದಡಕ್ಕೆ ಬಡಿಯುತ್ತಿದೆ, ಹಕ್ಕಿ ಕುಡಿಯುತ್ತಿದೆ, ದನ ಕುಡಿಯುತ್ತಿದೆ. ಆಕೆ ಮಾತ್ರ ಕುಡಿಯುವುದಿಲ್ಲ. ಕೊಡುವವರೂ ಇಲ್ಲ. ಅಷ್ಟು ದಿನ ಓದಿದ ಪದ್ಯ ಆವತ್ತು ಮೊದಲ ಸಲ ನನ್ನ ಎದೆಗೆ ತಾಕಿತು. "ಯಾಕ ಕುಡೀಲಿಲ್ಲ, ಸರ್?" ಎಂದೆ. "ನಿಮ್ಮವ್ವಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇನ್ಮ್ಯಾಲೆ ನೀನು ಹುಡುಕು ತಂಗಿ" ಎಂದರು. ನಾನು ಕನ್ನಡ ಎಂ.ಎ. ಮಾಡಿದ್ದು ಆ ಒಂದು ಮಾತಿನ ಬೆನ್ನು ಹತ್ತಿ.

ಎಂ.ಎ., ಬಿ.ಎಡ್. ಮುಗಿಸಿ ಅದೇ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಹೋದೆ. ಮಾಸ್ತರಿಗೆ ನಿವೃತ್ತಿ ಹತ್ತಿರವಿತ್ತು. ಮೊಣಕಾಲಿನ ಕೆಳಗೆ ನರಗಳು ಗಂಟು ಕಟ್ಟಿದ್ದವು, ಸಂಜೆಯ ಹೊತ್ತಿಗೆ ಚಪ್ಪಲಿ ಬಿಗಿಯಾಗುತ್ತಿತ್ತು. ಆದರೂ ನಿಂತೇ ಇರುತ್ತಿದ್ದರು. ಕುರ್ಚಿಯಲ್ಲಿ ಯಾರೋ ಪುಟ್ಟ ಹುಡುಗಿ ಕಾಲು ಇಳಿಬಿಟ್ಟು ಕೂತು, ಅವಳಜ್ಜಿಯ ಪ್ರಶ್ನೆ ಓದುತ್ತಿದ್ದಳು.

ಆ ವರ್ಷ ಹತ್ತನೆಯ ತರಗತಿಯ ಫಲಿತಾಂಶ ಇಳಿಯಿತು. ಮೇಲಿನಿಂದ ಹೆಡ್‌ಮಾಸ್ತರರಿಗೆ ನೋಟೀಸು ಬಂತು, ಅವರು ಸಭೆ ಕರೆದರು. ಕೆಟ್ಟ ಮನುಷ್ಯರಲ್ಲ, ಅವರಿಗೂ ಸಾಕಾಗಿತ್ತು.

"ಸರ್, ಆ ಕೆರಿ ಏರಿ ಪದ್ಯಕ್ಕ ಎಷ್ಟು ಮಾರ್ಕ್ಸ್ ಬರ್ತಾವ್ರಿ?"

ಟಂಟಂ ಓಡಿಸುವವನ ಇದೇ ಪ್ರಶ್ನೆಗೆ ನಕ್ಕಿದ್ದ ಮಾಸ್ತರು ಈಗ ನಗಲಿಲ್ಲ. "ನಾಕು" ಎಂದರು.

"ನಾಕಕ್ಕ ಇಷ್ಟು ದಿನ ಹಿಡಿದ್ರ ಹೆಂಗ್ರಿ? ಹತ್ತು ಸಾಲು ಉತ್ರ ಬರೆಸಿಬಿಡ್ರಿ. ಹುಡುಗ್ರು ಬಾಯಿಪಾಠ ಮಾಡ್ತಾವ."

ಮರುದಿನ ನಾನು ಪಕ್ಕದ ಕೋಣೆಯಲ್ಲಿದ್ದೆ. ಗೋಡೆಯಾಚೆಯಿಂದ ಮಾಸ್ತರ ದನಿ ಕೇಳಿಸಿತು. "ಬರ್ಕೊಳ್ರಿ. ಕವಿಯು ಬಳಲಿಕೆಯನ್ನು ಮನೋಜ್ಞವಾಗಿ ವರ್ಣಿಸಿದ್ದಾರೆ. ಪೂರ್ಣವಿರಾಮ." ನನಗೆ ಮೈಯೆಲ್ಲ ಉರಿಯಿತು. ವರಾಂಡಕ್ಕೆ ಬಂದು ಇಣುಕಿದೆ. ಮಕ್ಕಳು ತಲೆ ತಗ್ಗಿಸಿ ಬರೆಯುತ್ತಿದ್ದರು. ಮಾಸ್ತರು ಕುರ್ಚಿಯಲ್ಲಿ ಕೂತಿದ್ದರು. ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಲ್ಲಿಂದ ನಿವೃತ್ತಿಯ ದಿನದವರೆಗೂ ಕೂತೇ ಪಾಠ ಮಾಡಿದರು. ಫಲಿತಾಂಶವೇನೋ ಏರಿತು.

ಕೊನೆಯ ಸಲ ಕಂಡದ್ದು ಹರಪನಹಳ್ಳಿಯ ಅವರ ಮನೆಯಲ್ಲಿ. ಕಾಲಿಗೆ ಪಟ್ಟಿ ಸುತ್ತಿಕೊಂಡು, ದಿಂಬಿನ ಮೇಲೆ ಇಟ್ಟುಕೊಂಡು ಮಂಚದಲ್ಲಿ ಕೂತಿದ್ದರು. ನನಗೆ ಹೂವಿನಹಡಗಲಿಯ ಕಡೆ ಕಾಯಂ ನೌಕರಿ ಸಿಕ್ಕಿತ್ತು. "ಏನು ಕಲಿಸ್ತಿ?" ಎಂದರು. "ಹತ್ತು ಸಾಲು ಬರೆಸ್ತೀನಿ, ಸರ್" ಎಂದೆ. ಬೈಯಲಿಲ್ಲ, ತಲೆಯಾಡಿಸಿದರು. ಹೊತ್ತು ಕಳೆಯಲು ನಾನೇ, "ಬಾಳ ದಣಿದಂಗ ಕಾಣ್ತೀರಿ" ಎಂದೆ.

"ದಣಿವಲ್ಲವ್ವ" ಎಂದರು. "ನೀ ಬಂದಿ ನೋಡು, ಈಗ ಒಂಚೂರು ಹೋತು."

ಅವರಿಗಾದದ್ದು ಮೂರರಲ್ಲಿ ಯಾವುದೆಂದು ನನಗೆ ತಿಳಿಯಿತು. ಮತ್ತೆ ಬರುತ್ತೇನೆಂದು ಹೇಳಿ ಎದ್ದೆ. ಮೌಲ್ಯಮಾಪನ, ಚುನಾವಣೆ ಡ್ಯೂಟಿ, ಸಮೀಕ್ಷೆ ಎಂದು ತಿಂಗಳುಗಳು ಹೋದವು. ಅವರು ತೀರಿಕೊಂಡ ಸುದ್ದಿ ಮೊಬೈಲಿನಲ್ಲಿ ಬಂತು.

ಇದಿಷ್ಟನ್ನು ಬರೆದು ನಿನ್ನೆ ಅವ್ವನಿಗೆ ಓದಿ ಹೇಳಿದೆ. ಭಟ್ಟಿಯ ಕೆಲಸ ಬಿಟ್ಟು ವರ್ಷಗಳಾದವು, ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಓದಿ ಮುಗಿಸಿದ ಮೇಲೂ ಒಂದಷ್ಟು ಕಾಯಿ ಸುಲಿದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು. ಮಾಸ್ತರ ಕಟ್ಟಳೆಯಂತೆ ಅದನ್ನೇ ಇಲ್ಲಿ ಬರೆದು ಮುಗಿಸುತ್ತಿದ್ದೇನೆ.

"ಇಷ್ಟು ಮಂದಿ ಹುಡುಗ್ರು ಓದಿ ಹೋದ್ರಿ, ಒಬ್ರರ ಒಂದಿನ ಎದ್ದು, ನೀವು ಕುಂದರ್ರಿ ಸರ್ ಅನ್ಲಿಲ್ಲೇನು?"